ತಿರುಮಣಿಯಲ್ಲಿ ಡೇಟಾ ಬರಲಿಲ್ಲ

ಏರೋಪ್ಲೇನ್ ಮೋಡ್ ಒತ್ತಿದ. ಪುಟ್ಟ ವಿಮಾನ ಮೂಡಿತು. ಮನಸ್ಸಿನಲ್ಲೇ ಒಂದಷ್ಟು ಎಣಿಸಿ ಮತ್ತೆ ಒತ್ತಿದ. ವಿಮಾನ ಹೋಯಿತು, ಸಿಗ್ನಲ್ಲಿನ ಕಡ್ಡಿಗಳು ಬಂದವು, ಇದ್ದಷ್ಟೂ ಬಂದವು. ಡೇಟಾ ಮಾತ್ರ ಬರಲಿಲ್ಲ.

ಪ್ರಭುದೇವ್ ತಿರುಮಣಿಯ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದ. ಬೆಳಿಗ್ಗೆ ಅಪ್ಪ ತೀರಿಕೊಂಡಿದ್ದರು. 'ಅಪ್ಪ ತೀರಿಕೊಂಡರು' ಎಂದು ರೂಮಿನಲ್ಲಿ ಒಂದೆರಡು ಸಲ ಬಾಯಿಬಿಟ್ಟು ಹೇಳಿ ನೋಡಿದ್ದ, ಒಳಗೆ ಏನಾದರೂ ಆಗುತ್ತದೇನೋ ಎಂದು. ಏನೂ ಆಗಲಿಲ್ಲ. ಹಲ್ಲುಜ್ಜಿಕೊಂಡ.

ಇಲ್ಲಿನ ಹೈಸ್ಕೂಲಿನಲ್ಲಿ ಅವನು ಸಮಾಜ ವಿಜ್ಞಾನದ ಮೇಷ್ಟ್ರು. ಹುಟ್ಟಿದ ಊರು ಕೊಳಾಲ. ಪಾವಗಡಕ್ಕೆ ಹೋಗಿ, ಮಧುಗಿರಿ ಮೇಲೆ ಹೋಗುವ ಬಸ್ ಹತ್ತಿ, ಕೊರಟಗೆರೆಯಲ್ಲಿ ಇಳಿದು ಮತ್ತೊಂದು ಹಿಡಿದರೆ ಮನೆ. ಹೊರಟಿದ್ದರೆ ಇಷ್ಟು ಹೊತ್ತಿಗೆ ಮಧುಗಿರಿ ದಾಟಿರುತ್ತಿದ್ದ.

ಹೊರಡಲೆಂದೇ ಬ್ಯಾಗು ಹಿಡಿದು ಸ್ಟಾಪಿಗೆ ಬಂದದ್ದು. ಅಷ್ಟರಲ್ಲಿ ತಂಗಿ ಯಶಸ್ವಿನಿಯ ಫೋನು. ಹೊತ್ತು ಇಳಿಯುವುದರೊಳಗೆ ಎತ್ತಬೇಕಂತ ಐನೋರು ಹೇಳ್ತಿದಾರೆ, ನೀನು ಮುಟ್ಟೋದು ತಡ ಆದ್ರೂ ಆಗಬಹುದು, ಯಾವುದಕ್ಕೂ ಒಂದ್ಸಲ ವಿಡಿಯೋದಲ್ಲಿ ಅಪ್ಪನ ಮುಖ ನೋಡ್ಬಿಡು, ಅಮ್ಮನಿಗೂ ನಿನ್ನ ನೋಡ್ದಂಗಾಗುತ್ತೆ ಎಂದಿದ್ದಳು. ಬಸ್ಸಿನೊಳಗೆ ಸಿಗ್ನಲ್ ನಿಲ್ಲುವುದಿಲ್ಲ, ಇಲ್ಲೇ ಮುಗಿಸಿಕೊಂಡು ಹತ್ತೋಣ ಅಂದುಕೊಂಡ. ವಿಡಿಯೋ ಒತ್ತಿದ. ಅದು ಸುತ್ತುತ್ತಲೇ ಉಳಿಯಿತು. ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಇವನನ್ನು ನೋಡಿದ, ಇವನು ಫೋನ್ ನೋಡಿದ. ಬಸ್ ಹೋಯಿತು.

ಆಮೇಲೆ ಶುರುವಾಯಿತು ರಿಪೇರಿ. ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ಪ್ಯಾಕ್ ಮುಗಿದಿದೆಯೇನೋ ಎಂದು ನೋಡಿದ, ಭರ್ತಿ ಇತ್ತು. ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಪಟಾಲಮ್ಮನ ಬಳೆಯಲ್ಲಿ ತೂಗುತ್ತಿದ್ದ ಪಿನ್ನು ಕೇಳಿ ತಗೊಂಡು, ಸಿಮ್ ಈಚೆಗೆ ಎಳೆದು, ಅಂಗಿಗೆ ಒರೆಸಿ ಒಳಗೆ ಹಾಕಿದ. ಕೊನೆಗೆ ನೆಟ್‌ವರ್ಕ್ ಸೆಟ್ಟಿಂಗ್ ಪೂರ್ತಿ ರೀಸೆಟ್. ನಿಜವಾಗಿಯೂ ಅಳಿಸಬೇಕೇ ಎಂದು ಫೋನು ಕೇಳಿತು. ಹೌದು ಎಂದ. ಬೆಳಗ್ಗಿನಿಂದ ಅವನು ಅನುಮಾನವಿಲ್ಲದೆ ಕೊಟ್ಟ ಉತ್ತರ ಅದೊಂದೇ.

ಒಂದು ಸಂಗತಿ ಅವನಿಗೇ ಗಾಬರಿ ಹುಟ್ಟಿಸಿತು. ಈ ರಿಪೇರಿ ಹಿತವಾಗಿತ್ತು. ಕೆಟ್ಟಿರುವುದು ಏನು ಅಂತ ಗೊತ್ತಿದೆ, ಕೈಗೆ ಕೆಲಸವಿದೆ, ನೋಡಿದವರಿಗೆ ಅವಸರದಲ್ಲಿರುವವನ ಥರ ಕಾಣುತ್ತೇನೆ. ಥೂ, ಎಂಥ ಮನುಷ್ಯ ನಾನು ಅನ್ನಿಸಿತು. ಅನ್ನಿಸಿದ ಮೇಲೂ ಬೆರಳು ಸೆಟ್ಟಿಂಗ್ಸಿನಲ್ಲೇ ಓಡಾಡುತ್ತಿತ್ತು.

ಅಪ್ಪನ ಮೇಲೆ ಸಿಟ್ಟಿತ್ತೇ? ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳ ಆಡಿದವರಲ್ಲ. ಭಾನುವಾರ ಫೋನ್ ಮಾಡಿದರೆ ಪರ್ವತಯ್ಯನವರು ಊಟ ಆಯ್ತಾ ಅನ್ನುವರು. ಆಯ್ತು, ನಿಮ್ದು ಅನ್ನುವನು. ಆಯ್ತು, ಇರು ನಿಮ್ಮಮ್ಮಂಗೆ ಕೊಡ್ತೀನಿ ಅನ್ನುವರು. ಅಲ್ಲಿಗೆ ಇಬ್ಬರಿಗೂ ನೆಮ್ಮದಿ. ಹೀಗೆ ಎಷ್ಟು ವರ್ಷ ಕಳೆಯಿತೋ, ಇಬ್ಬರೂ ಗಮನಿಸಿರಲಿಲ್ಲ.

"ಏಂ ಸಾರೂ, ಇದೂ ಎಕ್ಕಲೇದಾ?" ಎಂದಳು ಪಟಾಲಮ್ಮ. ಇನ್ನೊಂದು ಬಸ್ಸೂ ಅವನು ಹತ್ತದೆಯೇ ಹೋಗಿತ್ತು.

"ಫೋನ್ ಸರಿಯಿಲ್ಲ."

"ಬಸ್ಸು ಸರಿಗೈತಲ್ಲಪ್ಪ."

ಅಪ್ಪ ಸತ್ತದ್ದನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ಬಂದು ಪಕ್ಕದಲ್ಲಿ ಕೂರುತ್ತಾಳೆ, ಬೆನ್ನು ಸವರುತ್ತಾಳೆ, ಆಗ ಅಳಬೇಕಾಗುತ್ತದೆ. ಅಳು ಬರದಿದ್ದರೆ? ಟೀ ಕುಡಿದು, ರಸ್ತೆಯಾಚೆಗಿನ ಸೋಲಾರ್ ಹಲಗೆಗಳ ಕಡೆ ತಿರುಗಿ ಕೂತ. ಬಿಸಿಲು ನೆತ್ತಿಯಿಂದ ಆಗಲೇ ಸರಿದಿತ್ತು.

ಯಶಸ್ವಿನಿ ಮತ್ತೆ ಮಾಡಿದಳು. ಬರೀ ಕಾಲ್ ಆದರೆ ಗಂಟೆ ಹೊಡೆದಂತೆ ಕೇಳುತ್ತದೆ, ಅದೇ ತಮಾಷೆ.

"ಎಲ್ಲಿದೀಯ ಅಣ್ಣ?"

"ಡೇಟಾ ಬರ್ತಿಲ್ಲ."

"ಎಲ್ಲಿದೀಯ ಅಂದೆ."

"ನೋಡ್ತಾ ಇದೀನಿ, ಇನ್ನೇನು ಸರಿಹೋಗುತ್ತೆ."

ಅವಳ ಹಿಂದೆ ಭಜನೆಯ ತಾಳ ಕೇಳುತ್ತಿತ್ತು. ಅವಳು ಇಟ್ಟ ಮೇಲೆ ಪ್ರಭುದೇವ್‌ಗೆ ಖಚಿತವಾಯಿತು, ಇನ್ನು ಯಾವ ಬಸ್ ಹತ್ತಿದರೂ ಅಪ್ಪನನ್ನು ಕಣ್ಣಾರೆ ನೋಡಲಾಗುವುದಿಲ್ಲ. ಉಳಿದದ್ದು ಈ ಫೋನೊಂದೇ. ಆಗ ನಿಜವಾಗಿ ಹೆದರಿಕೆಯಾಯಿತು. ಕಟ್ಟೆಯ ಮೇಲೆ ಹತ್ತಿ ನಿಂತು ಫೋನ್ ಎತ್ತಿ ಹಿಡಿದ, ಇಳಿದ, ರಸ್ತೆಗೆ ಹೋದ, ಬಂದ.

ಜೊತೆಯ ಟೀಚರ್ ಸುನಿತಾ ಊರು ಮುಟ್ಟಿದ್ರಾ ಸಾರ್ ಎಂದು ಕೇಳಲು ಫೋನ್ ಮಾಡಿದಳು. ಅವನು ಊರಿನ ಮಾತು ಬಿಟ್ಟು ಡೇಟಾದ ಕಥೆ ಹೇಳಿದ. ರೀಸೆಟ್ ಮಾಡಿದ್ದನ್ನೂ ಹೇಳಿದ.

"ರೀಸೆಟ್ ಮಾಡಿದ್ರೆ ರೋಮಿಂಗ್ ಆಫ್ ಆಗುತ್ತಲ್ಲ ಸಾರ್. ಇಲ್ಲಿ ಹಿಡಿಯೋದು ಆಂಧ್ರದ ಟವರು, ರೋಮಿಂಗ್ ಆನ್ ಮಾಡದೆ ಡೇಟಾ ಬರಲ್ಲ ಅಂತ ನೀವೇ ಅಲ್ವಾ ನನಗೆ ತೋರಿಸಿಕೊಟ್ಟಿದ್ದು?"

ಹೌದು. ಅವಳಿಗೊಬ್ಬಳಿಗೇ ಅಲ್ಲ. ಈ ಗಡಿಯ ಸ್ಕೂಲಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ, ಅವರ ಫೋನ್ ಇಸಕೊಂಡು, ಜಂಬದಿಂದ ಅವನು ಮಾಡಿಕೊಡುವ ಕೆಲಸ ಅದು. ಬೆಳಿಗ್ಗೆ ಕೆಟ್ಟದ್ದು ಬೇರೆ ಏನೋ ಇರಬಹುದು. ಆಮೇಲೆ ಕೆಡಿಸಿದವನು ಇವನೇ. ಮರೆತಿದ್ದೆನೇ? ಇಷ್ಟು ಹೊತ್ತು ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಗೆ ಒತ್ತಿದೆ? ಉತ್ತರ ಹೊಳೆಯದಿದ್ದರೇ ಒಳ್ಳೆಯದು ಅನ್ನಿಸಿತು.

ರೋಮಿಂಗ್ ಆನ್ ಮಾಡಿದ. ಆಂಧ್ರಪ್ರದೇಶಕ್ಕೆ ಸ್ವಾಗತ ಎಂದು ಮೆಸೇಜು ಬಂತು. ಹಿಂದೆಯೇ ಸ್ಕೂಲಿನ ಗ್ರೂಪಿನಿಂದ ಕೈಮುಗಿದ ಚಿತ್ರಗಳು ಒಂದರ ಮೇಲೊಂದು ಬಿದ್ದವು. ತಂಗಿಗೆ ವಿಡಿಯೋ ಒತ್ತಿದ. ತಕ್ಷಣ ಎತ್ತಿದಳು.

ಅವರ ಕಡೆ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪರ್ವತಯ್ಯನವರು ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದರು. ಹಣೆತುಂಬ ವಿಭೂತಿ, ಕೊರಳಿಗೆ ಹಾರ. ಅವರೂ ಮಗನನ್ನು ನೋಡಲೆಂದು ಯಶಸ್ವಿನಿ ಫೋನನ್ನು ಅವರ ಮುಖಕ್ಕೆ ಎದುರಾಗಿ ಹಿಡಿದಿದ್ದಳು. ಅಪ್ಪನೆದುರು ಹೀಗೆ ಮುಖಕ್ಕೆ ಮುಖ ಕೊಟ್ಟು ಕೂತದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ. ಅಪ್ಪ ಎಂದ.

"ಅಣ್ಣ, ಕೇಳಿಸ್ತಿದೆಯಾ?"

ಕೇಳಿಸ್ತಿದೆ ಎಂದ. ಅವಳು ಮತ್ತೆ ಅದನ್ನೇ ಕೇಳಿದಳು. ಇವನು ಜೋರಾಗಿ ಹೇಳಿದ, ಕೈ ಬೀಸಿದ. ಅಲ್ಲಿ ಯಾರೋ ಅಪ್ಪನ ಹಾರ ಸರಿಮಾಡುತ್ತಿದ್ದರು. ಯಾರೋ ಹೊತ್ತಾಯಿತು, ಎತ್ತಿ ಎಂದರು.

"ಅಲ್ಲಾಡ್ತಾನೇ ಇಲ್ಲ ಕಣಮ್ಮ," ಎಂದಳು ಯಶಸ್ವಿನಿ. "ಅಂಗೇ ನಿಂತುಬಿಟ್ಟಿದಾನೆ."

ಕಮಲಾಕ್ಷಮ್ಮನ ಮುಖ ಅಡ್ಡ ಬಂತು. ಅತ್ತು ಊದಿಕೊಂಡ ಕಣ್ಣುಗಳಿಂದ ಅಮ್ಮ ಅವನನ್ನು ತುಂಬ ಹೊತ್ತು ನೋಡಿದರು. ಅಮ್ಮಾ, ಇಲ್ಲಿದೀನಿ ಎಂದು ಕೂಗಿದ. ಟೀ ಅಂಗಡಿಯವರು ತಿರುಗಿ ನೋಡಿದರು, ಅಮ್ಮ ಕೇಳಿಸಿಕೊಳ್ಳಲಿಲ್ಲ. ಇರಲಿ ಬಿಡು ಎಂದು ಮಗಳಿಗೆ ಹೇಳಿ, ಗಂಡನ ಪಕ್ಕದ ವಿಭೂತಿ ತಟ್ಟೆಯಲ್ಲಿ ಮೂರು ಬೆರಳು ಅದ್ದಿ, ಫೋನಿನಲ್ಲಿ ಮಗನ ಹಣೆ ಕಾಣುತ್ತಿದ್ದ ಕಡೆಗೆ ತಂದರು.

ಬೂದಿಬಣ್ಣದ ಆ ಬೆರಳುಗಳು ದೊಡ್ಡದಾಗುತ್ತಾ ಬಂದವು. ಪ್ರಭುದೇವ್ ಬೀಸುತ್ತಿದ್ದ ಕೈ ಇಳಿಸಿ, ಕಟ್ಟೆಯ ಮೇಲೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿದ.