ಎಡಿಟ್ ಮಾಡದ ಫೋಟೋ

ಮೂರನೆಯವನ ಮೂಗು ಸರಿಯಾಗಿತ್ತು. ಆದರೆ ಅವನಿಗೆ ಕಾಮಾಲೆ ಬಂದ ಹಾಗಿತ್ತು.

ಮೊದಲನೆಯವನ ಬಣ್ಣವೇನೋ ಸರಿ, ಆದರೆ ಯಾವುದೋ ವಿಮಾ ಕಂಪನಿಯ ಜಾಹೀರಾತಿನಲ್ಲಿ ನಗುವುದಕ್ಕೆ ಕೂಲಿ ಗೊತ್ತುಮಾಡಿಕೊಂಡು ಬಂದವನಂತಿದ್ದ. ನಡುವಿನವನ ಮೇಲೆ ನಂದೀಶನಿಗೆ ಸ್ವಲ್ಪ ಮಮತೆ ಹುಟ್ಟಿತು. ಬೂದಿ ಬಳಿದುಕೊಂಡವನ ಹಾಗೆ ಮಂಕಾಗಿ, ಯಾರನ್ನೂ ಒಲಿಸಿಕೊಳ್ಳುವ ಇರಾದೆಯಿಲ್ಲದೆ ಕೂತಿದ್ದ.

ಮೂವರೂ ನಂದೀಶನೇ. ಒಂದೇ ಕುರ್ಚಿ, ಒಂದೇ ಅಂಗಿ, ಒಂದೇ ಕ್ಲಿಕ್ಕು. ಬೇರೆಯಾದದ್ದು ಸಾಫ್ಟ್‌ವೇರು ಮಾತ್ರ.

ಬೆಳಿಗ್ಗೆ ತಿಂಡಿಗೆ ಮುಂಚೆಯೇ ಸೋದರಮಾವ ಚಿಕ್ಕಬೋರಯ್ಯ ಬಂದು ಸುದ್ದಿ ಹೇಳಿದ್ದ. ಚಿಕ್ಕರಸಿನಕೆರೆಯ ಹುಡುಗಿ, ದೀಪಿಕ. ಮದ್ದೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಆ ಮನೆಯಲ್ಲಿ ನಡೆಯುವುದು ಅವಳ ಅಜ್ಜಿ ಅಂಕಮ್ಮನ ಮಾತು. ಅಂಕಮ್ಮನದು ಒಂದೇ ಷರತ್ತು.

‘ಎಡಿಟ್ ಮಾಡ್ದಿರೋ ಫೋಟ ಕಳ್ಸಿ ಅಂತವ್ಳೆ ಮುದ್ಕಿ. ಓದ್ಸಲ ಯಾವನೋ ಒಬ್ಬ ಕಳ್ಸಿದ್ನಂತೆ. ಆಮೇಲೆ ಅವನು ಬಾಗ್ಲಿಗೆ ಬಂದು ನಿಂತ್ರೆ ಗುರ್ತೇ ಸಿಗ್ನಿಲ್ವಂತೆ. ಕರೆಂಟ್ ಬಿಲ್ನೋನು ಅಂತ ಮೀಟ್ರು ತೋರ್ಸಿ ಕಳ್ಸವ್ಳೆ.’

‘ಅವನು ಹೇಳಬಾರದಿತ್ತೇ, ನಾನು ಗಂಡು ಅಂತ?’

‘ಏಳಕ್ಕೆ ನಾಚ್ಕೆ ಆಗಿರ್ಬೇಕು. ಮೀಟ್ರು ನೋಡ್ಕಂಡು ಓದ್ನಂತೆ.’

ಹುಡುಗಿಯ ಫೋಟೋ ಬಂದಿರಲಿಲ್ಲ. ಈ ಸೀಮೆಯಲ್ಲಿ ಫೋಟೋ ಕೇಳುವ ಹಕ್ಕು ಒಂದು ಕಡೆಯವರಿಗೆ ಮಾತ್ರ ಉಳಿದು ಬಹಳ ಕಾಲವಾಗಿತ್ತು. ಫೋನ್ ನಂಬರೂ ಇಲ್ಲ; ಒಪ್ಪಿಗೆಯಾದ ಮೇಲೆ ನಂಬರು, ಅಲ್ಲಿಯತನಕ ಎಲ್ಲವೂ ಚಿಕ್ಕಬೋರಯ್ಯನ ಫೋನಿನ ಮೂಲಕವೇ ಹಾಯಬೇಕು. ಮೂವತ್ತಾರು ದಾಟಿದ ನಂದೀಶ ಇದನ್ನೆಲ್ಲ ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ. ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಹೊಸದಾಗಿ ನೇಮಕವಾಗುವುದರಿಂದ ಪ್ರತಿ ವರ್ಷವೂ ಗೇಟಿನವನು ‘ಯಾರ್ ಬೇಕಿತ್ತು?’ ಎಂದು ಕೇಳುತ್ತಿದ್ದ. ನಂದೀಶ ಗುರುತಿನ ಚೀಟಿ ತೋರಿಸುತ್ತಿದ್ದ. ಗೇಟಿನವನು ಚೀಟಿಯನ್ನೂ ಅವನನ್ನೂ ಎರಡೆರಡು ಸಲ ನೋಡಿ, ಇರಲಿ ಬಿಡಿ ಎನ್ನುವ ಹಾಗೆ ಬಿಡುತ್ತಿದ್ದ.

ಯಾರಾದರೂ ಒಬ್ಬರು, ಒಂದೇ ಒಂದು ಸಲ, ನೋಡಿದ ಕೂಡಲೇ ‘ಇವನೇ’ ಎನ್ನಬೇಕು. ಮದುವೆಯಿಂದ ನಂದೀಶ ಬಯಸಿದ್ದು ಹೆಚ್ಚುಕಡಿಮೆ ಇಷ್ಟೇ. ಇದನ್ನು ಅವ್ವನಿಗೆ ಹೇಳಿರಲಿಲ್ಲ. ಅವ್ವ ಚಲುವಮ್ಮ ಬಯಸಿದ್ದು ಸೊಸೆ.

ಆದ್ದರಿಂದ ಅವನು ಫೋಟೋದ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಹಕ್ಕಿಗಳನ್ನು ವರ್ಷಗಟ್ಟಲೆ ತೆಗೆದ ಕ್ಯಾಮೆರಾವನ್ನು ಮೊದಲ ಬಾರಿಗೆ ತನ್ನ ಕಡೆ ತಿರುಗಿಸಿ, ಸ್ಟ್ಯಾಂಡಿನ ಮೇಲಿಟ್ಟು, ಟೈಮರು ಒತ್ತಿ, ಓಡಿಹೋಗಿ ಕುರ್ಚಿಯ ಮೇಲೆ ಕೂತ. ಕನ್ನಡಕ ತೆಗೆದಿಟ್ಟಿದ್ದ; ಗಾಜಿನಲ್ಲಿ ಕಿಟಕಿ ಹೊಳೆಯುತ್ತದೆ. ಫೈಲು ರಾ ಫೈಲು, ಕಚ್ಚಾ. ಅದಕ್ಕಿಂತ ಎಡಿಟ್ ಮಾಡದ್ದು ಇನ್ನೊಂದಿಲ್ಲ ಎಂದು ಹಿಗ್ಗಿದ.

ಆದರೆ ಕಚ್ಚಾ ಫೈಲನ್ನು ಯಾರೂ ನೋಡಲಾರರು. ಅದರಲ್ಲಿರುವುದು ಬರೀ ಅಂಕಿ. ಯಾವುದಾದರೂ ಸಾಫ್ಟ್‌ವೇರು ಅದನ್ನು ಓದಿ, ಇದು ಕೆನ್ನೆ, ಇದು ಕತ್ತಲೆ ಎಂದು ತನಗೆ ತೋಚಿದ ಹಾಗೆ ಬೇಯಿಸಿ ಬಡಿಸಬೇಕು. ನಂದೀಶನ ಬಳಿ ಮೂರಿದ್ದವು. ಒಂದು ತಿಂಗಳ ಬಾಡಿಗೆಯದು. ಒಂದು ಪುಕ್ಕಟೆಯದು, ದೂರದೂರದ ಯಾರು ಯಾರೋ ಸೇರಿ ಕಟ್ಟಿದ್ದು. ಮೂರನೆಯದು ಕ್ಯಾಮೆರಾ ಕಂಪನಿಯದೇ, ಬಳುವಳಿಯಾಗಿ ಜೊತೆಗೆ ಬಂದದ್ದು. ವಿಚಿತ್ರವೆಂದರೆ ಫೈಲು ತೆರೆದ ಕೂಡಲೇ ಮೂರರಲ್ಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದೇ ಮುಖ ಅರಳುತ್ತಿತ್ತು. ಆಮೇಲೆ ಸಾಫ್ಟ್‌ವೇರು ಯೋಚನೆ ಮಾಡುತ್ತಿತ್ತು. ಯೋಚನೆ ಮಾಡಿದ ಮೇಲೆ ಮುಖ ಬೇರೆ.

‘ಎಡಿಟ್ ಮಾಡದ ಫೋಟೋ ಅನ್ನೋದೇ ಇಲ್ಲ, ಮಾವ,’ ಎಂದ.

ಆಲೆಮನೆ ನಡೆಸುವ ಚಿಕ್ಕಬೋರಯ್ಯ ಇದನ್ನು ತಕ್ಷಣ ಒಪ್ಪಿದ. ‘ಬೆಲ್ಲನೂ ಅಂಗೇಯ ಕಣ್ಲಾ. ಬಣ್ಣ ಬರೋ ಪುಡಿ ಆಕ್ದೆ ಕಾಯ್ಸುದ್ರೆ ಕರ್ರಗಿರ್ತದೆ, ಯಾವನೂ ಮೂಸಲ್ಲ. ಆಕುದ್ರೆ ಕೆಮಿಕಲ್ಲು ಅಂತಾರೆ. ನೀನು ಒಸಿ ಆಕು. ಗೊತ್ತಾಗ್ದಂಗೆ ಆಕು.’

‘ಅದು ಮೋಸ ಅಲ್ವಾ?’

‘ನಿನ್ ಮೊಕ, ನಿನ್ ಬೆಂಕಿ. ಮೋಸ ಎಲ್ಲಿ ಬಂತ್ಲಾ?’

ಬಣ್ಣ ಸರಿಮಾಡುವ ಉಪಕರಣವೊಂದಿತ್ತು, ಕಣ್ಣಿಗೆ ಮದ್ದು ಹನಿಸುವ ಡ್ರಾಪರಿನ ಆಕಾರದ್ದು. ಚಿತ್ರದಲ್ಲಿ ನಿಜವಾಗಿ ಬಿಳಿಯಾದದ್ದರ ಮೇಲೆ ಅದನ್ನು ಒತ್ತಬೇಕು. ಒತ್ತಿದ್ದನ್ನು ಅದು ಬಿಳಿಯೆಂದು ನಂಬಿ ಮಿಕ್ಕ ಲೋಕವನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದುತ್ತದೆ. ರಾಜ್ಯಶಾಸ್ತ್ರದವನಾದ ನಂದೀಶನಿಗೆ ಈ ವ್ಯವಸ್ಥೆ ಪರಿಚಿತವೆನಿಸಿತು. ಅಂಗಿಯ ಮೇಲೆ ಒತ್ತಿದ. ಅವ್ವ ಅಂಗಿಗೆ ನೀಲಿ ಹೆಚ್ಚು ಹಾಕಿದ್ದಳು, ಮುಖ ಅರಿಸಿನವಾಯಿತು. ಗೋಡೆಯ ಮೇಲೆ ಒತ್ತಿದ. ಸುಣ್ಣದ ಗೋಡೆ ಯಾವತ್ತೋ ಹಳದಿಗೆ ತಿರುಗಿತ್ತು; ಮುಖ ಊದಾ ಆಯಿತು. ಕೊನೆಗೆ ತನ್ನ ಕಣ್ಣಿನ ಬಿಳಿಯ ಮೇಲೆ ಒತ್ತಿದ.

‘ಅಯ್ಯೋ, ಈಸ್ವರ ಆಗೋದ್ಯಲ್ಲಪ್ಪ,’ ಎಂದಳು ಚಲುವಮ್ಮ, ಅವನ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತವಳು.

ನಂದೀಶನಿಗೆ ನಗು ಬಂತು. ಅದು ಹೊಟ್ಟೆಯೊಳಗಿಂದ ಏನೋ ಕಳಚಿಕೊಂಡು ಮೇಲೆ ತೇಲಿಬಂದಂಥ ನಗು. ನೀಲಿಯಾದ ತನ್ನನ್ನು ನೋಡಿ ಇನ್ನಷ್ಟು ನಕ್ಕ. ಚಿಕ್ಕಬೋರಯ್ಯನೂ ನಕ್ಕ. ನಂದೀಶ ಪರದೆಯ ಮೇಲೆ ಮೂವರನ್ನೂ ಪಕ್ಕ ಪಕ್ಕ ಕೂರಿಸಿ ಅವ್ವನಿಗೆ ತೋರಿಸಿದ.

‘ಇದ್ರಲ್ಲಿ ನಾನು ಯಾವನವ್ವ?’

ಚಲುವಮ್ಮ ಬಗ್ಗಿ ನೋಡಿದಳು. ‘ಇವನು ನಿಮ್ಮಪ್ಪನಂಗವ್ನೆ. ಇವನ್ಯಾರೋ ನಂಗೊತ್ತಿಲ್ಲ.’ ನಡುವಿನ ಬೂದಿಯವನ ಹತ್ತಿರ ಬಂದು ತಡೆದಳು. ‘ಇದು ಮಾತ್ರ ಬ್ಯಾಡ ಕಣಪ್ಪ. ತಿಥಿ ಫ್ಲೆಕ್ಸಿಗೆ ಇರ್ಲಿ.’

‘ಸರಿ, ಯಾರನ್ನ ಕಳಿಸ್ಲಿ ಹೇಳು.’

‘ಯಾರ್ನಾದ್ರೂ ಒಬ್ಬುನ್ನ ಕಳ್ಸು. ಮೂರು ಜನಾನೂ ಉಂಡಿಲ್ಲ.’

ಅವಳು ತಟ್ಟೆ ಇಟ್ಟು ಹೋದಳು. ನಂದೀಶ ಉಣ್ಣದೆ ತರ್ಕ ಮಾಡಿದ. ಬಾಡಿಗೆಯದು ಹೊಗಳುತ್ತದೆ, ಮುಂದಿನ ತಿಂಗಳ ಬಾಡಿಗೆ ಬೇಕಲ್ಲ. ಬಳುವಳಿಯದು ತನ್ನ ಕ್ಯಾಮೆರಾದ ಮಾನ ಕಾಯುತ್ತದೆ. ಪುಕ್ಕಟೆಯದಕ್ಕೆ ಮಾತ್ರ ಯಾರ ಹಂಗೂ ಇಲ್ಲ. ಹಾಗಾದರೆ ತಿಥಿಯವನೇ ನಿಜವಾದವನು. ಆದರೆ ನಿಜವಾದವನನ್ನು ಅಂಕಮ್ಮ ಒಪ್ಪುವುದಿಲ್ಲ. ಎಡಿಟ್ ಮಾಡಿದ ಹಾಗೆ ಕಾಣುತ್ತಾನೆ.

ಹೀಗಾಗಿ ಅವನು ಎಡಿಟ್ ಮಾಡದ್ದನ್ನು ಎಡಿಟ್ ಮಾಡದಂತೆ ಕಾಣುವ ಹಾಗೆ ಎಡಿಟ್ ಮಾಡತೊಡಗಿದ. ಚಿಟಿಕೆ ಹಳದಿ ಹಾಕಿದ. ಹೆಚ್ಚಾಯಿತೆಂದು ಅರ್ಧ ತೆಗೆದ. ಕಣ್ಣಿನ ಕೆಳಗಿನ ಕಪ್ಪನ್ನು ಅಳಿಸಿ, ಮನಸ್ಸಾಕ್ಷಿ ಕಚ್ಚಿ, ಕಾಲುಭಾಗ ವಾಪಸು ಕೊಟ್ಟ. ಚರ್ಮ ನಯಮಾಡಿದಾಗ ಎಡಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಅಮ್ಮ ಎದ್ದ ಕಲೆ ಮಾಯವಾಗಿತ್ತು. ಅದನ್ನು ಮೊದಲಿಗಿಂತ ಚೆನ್ನಾಗಿ ಬರೆದ. ಪ್ರತಿಯೊಂದು ಬದಲಾವಣೆಯೂ ಅವನನ್ನು ಪ್ರಾಮಾಣಿಕತೆಯ ಕಡೆಗೇ ಒಯ್ಯುತ್ತಿತ್ತು. ಜೀವಮಾನದಲ್ಲಿ ಇಷ್ಟು ಪ್ರಾಮಾಣಿಕವಾಗಿ ಅವನು ಯಾವತ್ತೂ ಕಂಡಿರಲಿಲ್ಲ.

ಮಾವನ ಫೋನಿನಿಂದ ಫೋಟೋ ಹೋಯಿತು. ಚಿಕ್ಕರಸಿನಕೆರೆಯಿಂದ ಅರ್ಧ ಗಂಟೆಯಲ್ಲಿ ಉತ್ತರ ಬಂತು, ಹುಡುಗಿಯದೇ ಧ್ವನಿ: ‘ಅಜ್ಜಿ ನಂಬ್ಕಬೋದು ಅಂತು. ಡ್ಯೂಟಿ ಮುಗಿಸ್ಕಂಡು ಸಂಜೆ ಮದ್ದೂರು ಬಸ್ ಸ್ಟ್ಯಾಂಡಲ್ಲಿರ್ತೀನಿ. ಒಬ್ರೇ ಬರೋಕೇಳಿ.’

ಧ್ವನಿಯನ್ನು ನಂದೀಶ ಮತ್ತೆ ಮತ್ತೆ ಹಾಕಿಸಿ ಕೇಳಿದ. ಚಿಕ್ಕಬೋರಯ್ಯ ಫೋನು ಕಿತ್ತುಕೊಂಡು, ಕಬ್ಬು ಅರೆಯೋದು ಬಾಕಿ ಇದೆ ಎಂದು ಆಲೆಮನೆಗೆ ಹೊರಟ.

ಇನ್ನು ಉಳಿದದ್ದು ಫೋಟೋಗೆ ತಾನು ಹೊಂದಿಕೊಳ್ಳುವುದು. ಲ್ಯಾಪ್‌ಟಾಪನ್ನು ಬಚ್ಚಲ ಮನೆಯ ಬಾಗಿಲಲ್ಲಿ ಇಟ್ಟು ಕನ್ನಡಿಯ ಮುಂದೆ ನಿಂತ. ಫೋಟೋದಲ್ಲಿ ಮೀಸೆ ಎರಡೂ ಕಡೆ ಸಮವಿತ್ತು. ಕನ್ನಡಿಯಲ್ಲಿ ಎಡಗಡೆ ಒಂದು ಕೂದಲಷ್ಟು ಉದ್ದ. ಕತ್ತರಿಸಿದ. ಆಗ ಬಲಗಡೆ ಉದ್ದವಾಯಿತು. ಅದನ್ನೂ ಕತ್ತರಿಸಿದ. ಕನ್ನಡಿಯಲ್ಲಿ ಎಡ ಬಲವಾಗುತ್ತದೆಂದು ನೆನಪಾಗಿ, ತಪ್ಪಾದ ಕಡೆಯನ್ನು ಸರಿಮಾಡಲು ಸರಿಯಾದ ಕಡೆಯನ್ನು ಕತ್ತರಿಸಿದ. ಲ್ಯಾಪ್‌ಟಾಪಿನಲ್ಲಿ ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗಬಹುದು. ಬಚ್ಚಲ ಮನೆಯಲ್ಲಿ ಆ ಸೌಲಭ್ಯವಿರಲಿಲ್ಲ. ಕೊನೆಗೆ ಮೂಗಿನ ಕೆಳಗೆ ಯಾರೋ ಹುಬ್ಬು ಬಿಟ್ಟುಹೋದಷ್ಟು ಉಳಿಯಿತು. ಅದನ್ನೂ ಬೋಳಿಸಿದ.

ಹೊರಗೆ ಬಂದಾಗ ಚಲುವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ಬಹಳ ಹೊತ್ತು ನೋಡಿದಳು.

‘ಒಳ್ಳೇದೇ ಆಯ್ತು ಬುಡು,’ ಎಂದಳು. ‘ನಾಕನೇವ್ನು.’

ತನ್ನೂರು ಕೊತ್ತತ್ತಿಯಿಂದ ಮದ್ದೂರಿಗೆ ಬೈಕಿನಲ್ಲಿ ಹೋಗುವಾಗ ಅವನಿಗೆ ಅಮಲೇರಿದ ಹಾಗಿತ್ತು. ತುಟಿಯ ಮೇಲೆ ಗಾಳಿ ನೇರವಾಗಿ ಬೀಸುತ್ತಿತ್ತು. ನಾಲೆಯ ನೀರು, ಕಬ್ಬಿನ ಗಾಡಿ, ಭತ್ತದ ಗದ್ದೆ, ಎಲ್ಲವೂ ಒಂದು ಗುಂಡಿ ತಿರುಗಿಸಿದರೆ ಇನ್ನೊಂದಾದೀತು ಎನ್ನುವ ಹಾಗೆ ಹಗುರವಾಗಿದ್ದವು. ಹಾಡು ಬರದಿದ್ದರೂ ಹೆಲ್ಮೆಟ್ಟಿನೊಳಗೆ ಹಾಡಿದ. ಬಸ್ ಸ್ಟ್ಯಾಂಡ್ ತಲುಪಿ ಹೆಲ್ಮೆಟ್ಟು ತೆಗೆದಾಗ ಕೂದಲು ಬಟ್ಟಲು ಕವುಚಿದಂತೆ ಅಂಟಿತ್ತು. ಕನ್ನಡಕ ಹಾಕಿಕೊಂಡ. ವಡೆ ಅಂಗಡಿಯ ಪಕ್ಕದ ಕಂಬಕ್ಕೆ ಒರಗಿ ನಿಂತು ಒಂದು ತೀರ್ಮಾನ ಮಾಡಿದ: ತಾನು ಕೈ ಎತ್ತುವುದಿಲ್ಲ. ಅವಳೇ ನೋಡಬೇಕು. ಅವಳೇ ಹೇಳಬೇಕು, ಇವನೇ ಎಂದು.

ಕೈಯಲ್ಲಿ ಫೋನು ಹಿಡಿದು ಪ್ರತಿ ಮುಖವನ್ನೂ ಅದರೊಂದಿಗೆ ತಾಳೆ ನೋಡುತ್ತ ಬಂದ ಹುಡುಗಿ ದೀಪಿಕಳೇ ಇರಬೇಕು. ದುಂಡು ಮುಖ, ಹೆಗಲ ಚೀಲದಿಂದ ಇಣುಕುವ ಬಿಳಿ ಕೋಟು. ಕಡಲೆಕಾಯಿ ಮಾರುವವನನ್ನು ನೋಡಿದಳು, ಅಲ್ಲ. ಕಾಲೇಜು ಹುಡುಗರನ್ನು ನೋಡಿದಳು, ಅಲ್ಲ. ನಂದೀಶನನ್ನು ನೋಡಿದಳು.

ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳ ಮುಖ ಅರಳಿತು.

ಆಮೇಲೆ ಅದು ಯೋಚನೆ ಮಾಡಿತು.

ಫೋನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಫೋನು. ಹತ್ತಿರ ಬಂದಳು.

‘ಸಾರ್, ಇವ್ರುನ್ನ ಇಲ್ಲೆಲ್ಲಾದ್ರೂ ನೋಡುದ್ರಾ?’

ನಂದೀಶ ಫೋನು ಇಸಿದುಕೊಂಡ. ಬೆಳಗಿನ ಕಷ್ಟವೆಲ್ಲ ಅಂಗೈಯಗಲದ ಪರದೆಯಲ್ಲಿತ್ತು. ಮೂಗು ಸರಿಯಾಗಿತ್ತು. ಕಲೆ ಅದರ ಜಾಗದಲ್ಲಿತ್ತು. ಅವಳ ಫೋನಿಗೆ ಹಳದಿ ಸ್ವಲ್ಪ ಜಾಸ್ತಿ, ಅಷ್ಟೆ. ನೋಡುತ್ತ ನೋಡುತ್ತ ಆ ಮನುಷ್ಯನ ಬಗ್ಗೆ ಅವನಿಗೆ ಗೌರವ ಮೂಡಿತು.

‘ಇಲ್ಲ,’ ಎಂದ.

ನಿಜ ಹೇಳುವುದು ಇಷ್ಟು ಸಲೀಸೆಂದು ಅವನಿಗೆ ಗೊತ್ತಿರಲಿಲ್ಲ.

‘ಬತ್ತೀನಿ ಅಂದಿದ್ರು. ಅವ್ರ ಮಾವುಂಗೆ ಫೋನ್ ಮಾಡುದ್ರೆ ಎತ್ತಾನೇ ಇಲ್ಲ.’

‘ಗಾಣದ ಸದ್ದು ಇರಬೇಕು.’

‘ಆಂ?’

‘ಏನಿಲ್ಲ. ನಿಮಗೆ ಬೇಕಾದವರಾ?’

ಅವಳು ಫೋಟೋವನ್ನು ಎರಡು ಬೆರಳಿನಿಂದ ಅಗಲಿಸಿದಳು. ಪರದೆ ತುಂಬ ಎರಡು ಕಣ್ಣು. ‘ಇನ್ನೂ ಇಲ್ಲ. ಆದ್ರೆ ನೋಡಿ ಸಾರ್, ಸುಳ್ಳೇಳೋ ಮೊಕ ಅಲ್ಲ ಇದು. ಅದುಕ್ಕೇಯ ನಾನೇ ಬಂದೆ. ಬ್ಯಾರೆಯವ್ರು ಆಗಿದ್ರೆ ಅಜ್ಜಿನೇ ನೋಡ್ಕಳ್ಲಿ ಅಂತಿದ್ದೆ.’

ಈಗ ಹೇಳಬೇಕು. ಎರಡು ಅಕ್ಷರ ಸಾಕು. ನಂದೀಶ ಬಾಯಿ ತೆರೆದ. ಬೆಳಿಗ್ಗೆಯ ನಗು ಮತ್ತೆ ಹೊಟ್ಟೆಯಿಂದ ಕಳಚಿಕೊಂಡು ಗಂಟಲತನಕ ಬಂದು ತೇಲುತ್ತ ನಿಂತಿತು. ಮೀಟರು ನೋಡಿಕೊಂಡು ಹೋದವನ ಕಷ್ಟ ಅವನಿಗೆ ಸಂಪೂರ್ಣವಾಗಿ ಅರ್ಥವಾಯಿತು.

‘ಆ ಕಡೆ ನೋಡಿದ್ರಾ? ಮಳವಳ್ಳಿ ಬಸ್ಸು ನಿಲ್ಲೋ ಹತ್ರ?’

‘ಇಲ್ಲ.’

‘ಬನ್ನಿ. ಇಬ್ಬರಾದ್ರೆ ಬೇಗ ಸಿಗ್ತಾರೆ.’

ಅವರು ನಡೆದರು. ನಂದೀಶ ಮುಂದೆ, ಜನರನ್ನು ಸರಿಸಿ ಅವಳಿಗೆ ದಾರಿ ಮಾಡುತ್ತ. ಕಂಡಕ್ಟರೊಬ್ಬನಿಗೆ ಫೋಟೋ ತೋರಿಸಿ ಅವನೇ ವಿಚಾರಿಸಿದ. ಕಂಡಕ್ಟರು ತಲೆ ಓರೆಮಾಡಿ, ‘ಎಲ್ಲೋ ನೋಡಿದಂಗದೆ. ಈಗ್ತಾನೆ ಇಲ್ಲೇ ಇದ್ರು ಅನ್ಸುತ್ತೆ,’ ಎಂದ. ಅವಳ ಮುಖ ಗೆಲುವಾಯಿತು. ನಂದೀಶನಿಗೂ ಗೆಲುವಾಯಿತು. ಅವನಿಗೆ ನಿಜವಾಗಿಯೂ ಆ ಮನುಷ್ಯ ಸಿಗಬೇಕಿತ್ತು.

ಮಳವಳ್ಳಿಯ ಬಸ್ಸು ಹೊರಡುವುದಕ್ಕೆ ಗುರುಗುಡುತ್ತ ನಿಂತಿತ್ತು. ದೀಪಿಕ ಒಳಗೆ ಹತ್ತಿ ಸೀಟು ಸೀಟಿನಲ್ಲೂ ಹುಡುಕುತ್ತ ಹಿಂದಕ್ಕೆ ನಡೆದಳು. ನಂದೀಶ ಹೊರಗಿನಿಂದ, ಒಂದೊಂದೇ ಕಿಟಕಿಗೆ ಮುಖ ಒಡ್ಡಿ, ಅವಳ ಜೊತೆಜೊತೆಗೇ ಹಿಂದಕ್ಕೆ ಸರಿದ. ಮೊದಲ ಗಾಜಿನಲ್ಲಿ ನೀಲಿಯಾಗಿ ಒಬ್ಬ ಇಣುಕಿದ. ಎರಡನೆಯದರಲ್ಲಿ ಧೂಳು ಮೆತ್ತಿದ ಇನ್ನೊಬ್ಬ. ಮೂರನೆಯ ಕಿಟಕಿಗೆ ಗಾಜಿರಲಿಲ್ಲ. ಅದರೊಳಗಿಂದ ದೀಪಿಕಳ ಮುಖ ಅವನ ಮುಖಕ್ಕೆ ಗೇಣಿನಷ್ಟು ಹತ್ತಿರ ಬಂದು, ಅವನನ್ನು ದಾಟಿ, ಹಿಂದಿದ್ದ ಜನರನ್ನೆಲ್ಲ ಒಮ್ಮೆ ನೋಡಿತು.

‘ಇಲ್ಲೂ ಇಲ್ಲ,’ ಎಂದಳು.

‘ಮುಂದಿನ ಬಸ್ಸು ನೋಡೋಣ,’ ಎಂದ ನಂದೀಶ, ಉತ್ಸಾಹದಿಂದ.