ಅಂಗಡಿಗೆ ಹೋಗುತ್ತಿದ್ದವನು

"ಎಡಕ್ಕೆ... ಎಡಕ್ಕೆ ಅಂದ್ನಲ್ಲ!"

ಸತ್ತವನ ತಂಗಿಯ ಗಂಡ ಕೂಗಿದ. ಶವಪೆಟ್ಟಿಗೆ ಮೂರನೇ ಮಹಡಿಯ ತಿರುವಿನಲ್ಲಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತ್ತು. ಹೊತ್ತವರು ಮೂವರೇ: ಅವನು, ವ್ಯಾನಿನವನು, ಸೊಂಟನೋವಿನ ಪಕ್ಕದಮನೆ ದರ್ಜಿ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ತಂಗಿಗೆ ದುಃಖಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಐವತ್ತನಾಲ್ಕು ವರ್ಷ ಬದುಕಿದ ಅಣ್ಣನಿಗೆ ಹೆಗಲು ಕೊಡಲು ನಾಲ್ಕನೆಯವರಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಏಳೆಂಟು ಜನ ಏದುಸಿರು ಬಿಡುತ್ತ ಹತ್ತಿ ಬಂದರು. ಮುಂದೆ ಇದ್ದಾಕೆ ಬಸ್ ಡ್ರೈವರು. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು.

"ಕೋಟೆ ಅವರ ಮನೆ ಇದೇನಾ?"

"ಯಾವ ಕೋಟೆ?" ಎಂದಳು ತಂಗಿ.

ಆಕೆ ಪೆಟ್ಟಿಗೆಯನ್ನು ನೋಡಿದಳು. ಚೀಲ ಕೆಳಗಿಟ್ಟಳು. "ಬನ್ರೋ, ಕೈ ಹಾಕಿ. ಮೊದ್ಲು ಹಿಂದಕ್ಕೆ ತಗೊಳ್ಳಿ... ಬರ್ಲಿ, ಬರ್ಲಿ... ಸಾಕು. ಈಗ ಮೂತಿ ತಿರುಗ್ಸಿ."

ಪೆಟ್ಟಿಗೆ ತಿರುವು ದಾಟಿತು. ದರ್ಜಿ ಸೊಂಟ ಹಿಡಿದು ಗೋಡೆಗೆ ಒರಗಿದ.

*

ಅಣ್ಣನಿಗೆ ಚಿಕ್ಕಂದಿನಿಂದ ಮಾತು ಉಗ್ಗುತ್ತಿತ್ತು. ಅವನು ಕಷ್ಟಪಡುವುದನ್ನು ನೋಡಲಾರದೆ ತಂಗಿಯೇ ಅವನ ಮಾತು ಮುಗಿಸುತ್ತಿದ್ದಳು. ಅದು ಅವಳ ಅಕ್ಕರೆ. ಆಮೇಲೆ ಅದೇ ಅಭ್ಯಾಸವಾಯಿತು. ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಹಿಡಿದ. ಇಪ್ಪತ್ತಾರು ವರ್ಷ ಹಾಸಿಗೆ ಬಟ್ಟೆ ಮಡಚಿದ. ಅಲ್ಲಿ ಯಂತ್ರಗಳ ಸದ್ದಿಗೆ ಯಾರೂ ಮಾತಾಡುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಚಪ್ಪಲಿ ಮೆಟ್ಟುತ್ತ ಅವನು ಏನನ್ನೋ ಹೇಳಹೊರಟ.

"ನಾ... ನಾನು ಅಂ... ಅಂಗ..."

"ಅಂಗಡಿಗಾ? ಹಾಗೇ ಬ್ರೆಡ್ ತಗೊಂಡು ಬಾ."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ತಲೆಯಾಡಿಸಿ ಹೋದ. ಸಂಜೆ ಬ್ರೆಡ್ ತಂದ. ಹನ್ನೊಂದು ವರ್ಷ ಪ್ರತಿ ಶನಿವಾರ ತಂದ. ಬ್ರೆಡ್ಡಿಗೆ ನಾಲ್ಕು ಗಂಟೆ ಯಾಕೆ ಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

*

ಸ್ಮಶಾನದ ಕಚೇರಿಯಲ್ಲಿ ಕಾಗದಪತ್ರ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಗಿನ ಬೆಂಚಿನಲ್ಲಿ ತಂಗಿ ಆ ಜನರನ್ನು ಕೇಳಿದಳು.

"ನೀವೆಲ್ಲ ಆಸ್ಪತ್ರೆಯವರಾ?"

"ಅಲ್ಲಮ್ಮ. ನಂದು ಪೆನ್ನು ಪುಸ್ತಕದ ಅಂಗಡಿ," ಎಂದರು ಅವರಲ್ಲಿ ಹಿರಿಯರು. "ಶನಿವಾರ ನಮ್ಮ ಹಿಂದಿನ ಕೋಣೇಲಿ ಕಾರ್ಡಾಟ ಇರುತ್ತೆ. ಮೊನ್ನೆ ಅವರು ಬರ್ಲಿಲ್ಲ. ಇವತ್ತು ಬೆಳಿಗ್ಗೆ ಲಾಂಡ್ರಿಗೆ ಫೋನ್ ಮಾಡಿದ್ವಿ. ಹೋಗ್ಬಿಟ್ರು ಅಂತ ಗೊತ್ತಾಯ್ತು."

ತಂಗಿ ಹುಬ್ಬು ಗಂಟಿಕ್ಕಿದಳು. "ಇಸ್ಪೀಟಾ? ದುಡ್ಡು ಕಟ್ಟಿ ಆಡೋದಾ?"

"ಛೆ ಛೆ, ಅದಲ್ಲಕ್ಕ." ಬಸ್ ಡ್ರೈವರು ಚೀಲದಿಂದ ಒಂದು ಕಾರ್ಡು ತೆಗೆದಳು. ಅದರಲ್ಲಿ ಹಕ್ಕಿಯೊಂದು ಬೆಂಕಿ ಉಗುಳುತ್ತಿತ್ತು. "ಒಂದೊಂದಕ್ಕೂ ಒಂದೊಂದು ಶಕ್ತಿ. ಅದಲುಬದಲು ಮಾಡ್ಕೊಂಡು ಅವರವರ ಕಟ್ಟು ಅವರವರೇ ಜೋಡಿಸ್ಕೋಬೇಕು. ಇದು ನಿಮ್ಮಣ್ಣಂದೇ. ಇಷ್ಟು ಜೋರಿನ ಕಾರ್ಡು ಕೊಟ್ಟು ನನ್ನ ಹತ್ರ ಒಂದು ಸಾದಾ ಕಲ್ಲಿನ ಗೋಡೆ ತಗೊಂಡ್ರು. ಅಂಥ ಪುಣ್ಯಾತ್ಮ ಅವರೊಬ್ರೇ. ಬರೀ ಗೋಡೆಗಳನ್ನೇ ಕೂಡಿಸ್ತಿದ್ರು, ಅದಕ್ಕೇ ಕೋಟೆ ಅಂತ ಹೆಸರು."

"ಏನು ಆಡ್ತೀವಿ ಅಂತ ಬಾಯಲ್ಲಿ ಹೇಳ್ಬೇಕಾ?" ಎಂದಳು ತಂಗಿ.

"ಹೇಳೇ ಆಡ್ಬೇಕು."

"ಅವನಿಗೆ ಮಾತು ಬರ್ತಿರ್ಲಿಲ್ವಲ್ಲ."

"ಬರ್ತಿತ್ತಮ್ಮ," ಎಂದರು ಅಂಗಡಿಯವರು. "ಹೊತ್ತು ಹಿಡೀತಿತ್ತು, ಅಷ್ಟೇ."

*

ಹನ್ನೊಂದು ವರ್ಷದ ಹಿಂದೆ, ಮೊದಲ ದಿನ, ಅಣ್ಣ ಎರವಲು ಕಟ್ಟು ಹಿಡಿದು ಬಸ್ ಡ್ರೈವರಿನ ಎದುರು ಕುಳಿತಿದ್ದ. ಅವನ ಸರದಿ ಬಂತು.

"ದಾ... ದಾ..."

"ದಾಳಿನಾ?" ಎಂದಳು ಆಕೆ.

ಅವನು ಅಲ್ಲವೆಂದು ತಲೆಯಲ್ಲಾಡಿಸಿದ. "ದಾ..."

"ದಾನಾನಾ?" ಎಂದ ಯಾರೋ ಹಿಂದಿನಿಂದ. ಎಲ್ಲರೂ ನಕ್ಕರು. ಅವನು ಕಾರ್ಡುಗಳನ್ನು ಮೆಲ್ಲಗೆ ಕವುಚಿ ಹಾಕಿ ಎದ್ದುನಿಂತ.

ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಒಳಗೆ ಬಂದರು. "ಕೂತ್ಕೊಳ್ಳಿ ಸ್ವಾಮಿ, ಇದು ನಿಮ್ಮ ಸರದಿ. ಮುಗಿಯೋ ತನಕ ಬೇರೆ ಯಾರಾದ್ರೂ ಬಾಯಿ ಬಿಟ್ರೆ ಆಚೆ ನಡೀರಿ."

ಫ್ಯಾನು ತಿರುಗುವ ಸದ್ದೊಂದೇ ಉಳಿಯಿತು. ಅವನು ಕುಳಿತ. ಕತ್ತಿನ ನರ ಉಬ್ಬಿತು.

"ದಾ... ದಾರಿ ಮು... ಮುಚ್ಚಿದೆ," ಎಂದು ಕಲ್ಲಿನ ಗೋಡೆಯ ಕಾರ್ಡು ಇಟ್ಟ.

ಬಸ್ ಡ್ರೈವರು ಆ ಆಟ ಸೋತಳು. ಮರುವಾರದಿಂದ ಗೋಡೆಯ ಮೇಲೊಂದು ಚೀಟಿ ಇತ್ತು: ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಮಾತಾಡಕೂಡದು. ಹೊಸಬರು ಅದನ್ನು ಆಟದ ನಿಯಮವೆಂದೇ ತಿಳಿದರು.

*

ಮಣ್ಣು ಮಾಡಿದ ಮೇಲೆ ತಂಗಿ ಮನೆಗೆ ಹೋಗಲಿಲ್ಲ. ಅಣ್ಣನ ಕಾರ್ಡುಗಳಿವೆ ಎಂದು ಕೇಳಿ ಅವರ ಜತೆ ಅಂಗಡಿಗೆ ಬಂದಳು. ಕಾರ್ಡುಗಳು ಆಸ್ಪತ್ರೆಯ ಬಟ್ಟೆಯಷ್ಟೇ ಓರಣವಾಗಿದ್ದವು.

"ಒಂದಾಟ ಆಡಿ ಹೋಗಕ್ಕ," ಎಂದಳು ಬಸ್ ಡ್ರೈವರು.

"ನಂಗೇನೂ ಗೊತ್ತಿಲ್ಲ."

"ಯಾರಿಗ್ ಗೊತ್ತಿತ್ತು?"

ಏಳು ಕಾರ್ಡು ಹಂಚಿದರು. ತಂಗಿ ಅವನ್ನು ಬೀಸಣಿಗೆಯಂತೆ ಹರಡಿ ಹಿಡಿದಳು. ಅವಳಿಗೆ ಕಾಣುತ್ತಿದ್ದುದು ಏಳು ನೀಲಿ ಬೆನ್ನುಗಳು. ಚಿತ್ರಗಳೆಲ್ಲ ಎದುರಿನವರ ಕಡೆಗಿದ್ದವು. ಅವಳ ಸರದಿಯಾಗಿತ್ತು. ಗೋಡೆಯ ಚೀಟಿಯಂತೆ ಯಾರೂ ಬಾಯಿ ಬಿಡಲಿಲ್ಲ. ಅವಳ ಚಿತ್ರಗಳು ಕಾಣದಂತೆ ಬಸ್ ಡ್ರೈವರು ತನ್ನ ಕಾರ್ಡುಗಳತ್ತ ಕಣ್ಣಿಳಿಸಿದಳು. ಉಳಿದವರು ಒಬ್ಬೊಬ್ಬರಾಗಿ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತ ಕುಳಿತರು.