ಸವತಿಯ ಮೊಳ

೧

ಎಲ್ಲಿಂದ ಶುರು ಮಾಡಲಿ? ಮೊದಲ ಕಲ್ಲಿನಿಂದ ಎಂದರೆ ಅದನ್ನು ಇಟ್ಟವಳು ಕೊಲಂಬ್. ಕಲ್ಲುಗಣಿಯಿಂದ ಎಂದರೆ, ಫ್ರಾನ್ಸಿನ ಬರ್ಗಂಡಿಯ ಈ ಕಾಡಿನಲ್ಲಿ ಅದನ್ನು ಹುಡುಕಿದವಳೂ ಕೊಲಂಬ್. ಅವಳಿಲ್ಲದ ಒಂದು ಜಾಗ ನೋಡಿ ಅಲ್ಲಿಂದ ಕಥೆ ಎತ್ತೋಣ ಎಂದು ಮೂರು ವಾರದಿಂದ ಹುಡುಕುತ್ತಿದ್ದೇನೆ. ನಾವು ಕಟ್ಟುತ್ತಿರುವ ಕೋಟೆ ದೊಡ್ಡದು. ಜಾಗ ಮಾತ್ರ ಸಿಕ್ಕಿಲ್ಲ.

೨

ಕೊನೆಗೆ ಒಂದು ಪಾತ್ರವನ್ನು ಕಟ್ಟಿದೆ. ಹೆಸರು ಬೆರಾಂಜೇರ್, ಕಲ್ಲು ಕೆತ್ತುವವಳು. ಹೀಗೆ ಬರೆದೆ:

ಎಂಟುನೂರು ವರ್ಷದ ಹಿಂದಿನವರ ಹಾಗೆಯೇ ಕೋಟೆ ಕಟ್ಟಬೇಕೆಂದು ಹೊರಟವರ ನಡುವೆ ಬೆರಾಂಜೇರ್ ಕೆಲಸ ಮಾಡುತ್ತಾಳೆ. ಅಲ್ಲಿ ಕರೆಂಟಿಲ್ಲ, ಟೇಪಿಲ್ಲ, ಅಳತೆಗೆ ಇರುವುದು ಒಂದು ಮೊಳಕೋಲು. ಇಪ್ಪತ್ನಾಲ್ಕು ವರ್ಷದ ಹಿಂದೆ, ಕೆಲಸ ಶುರುವಾದ ದಿನ, ಮೇಸ್ತ್ರಿ ಆನ್ಸೆಲ್ಮ್ ತನ್ನ ಹೆಂಡತಿ ಕೊಲಂಬಳ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಓಕ್ ಕೋಲು ಹಿಡಿದು ಕತ್ತರಿಸಿದ. ಬಾಗಿಲು, ಮೆಟ್ಟಿಲು, ಗೋಪುರ, ಎಲ್ಲಕ್ಕೂ ಅದೇ ಮೊಳ. ಆ ಹೆಂಡತಿ ಹನ್ನೆರಡು ವರ್ಷದ ಹಿಂದೆ ಅವನನ್ನು ಬಿಟ್ಟು ಕಡಲತೀರದ ಊರಿಗೆ ಹೋದಳು. ಮೊಳ ಇಲ್ಲೇ ಉಳಿಯಿತು. ಈಗ ಅವನೊಡನೆ ಬಾಳುತ್ತಿರುವ ಬೆರಾಂಜೇರ್ ದಿನಕ್ಕೆ ನಲವತ್ತು ಸಲ ಆ ಕೋಲನ್ನು ಕೈಗೆತ್ತಿಕೊಳ್ಳುತ್ತಾಳೆ. ನಲವತ್ತು ಸಲವೂ ಅವಳ ಹೊಟ್ಟೆ ಉರಿಯುತ್ತದೆ.

(ಬಿಟ್ಟುಹೋದವಳು ಸವತಿ ಹೇಗಾಗುತ್ತಾಳೆ ಎಂದು ಕೇಳಬೇಡಿ. ಆಗುತ್ತಾಳೆ.)

ಮತ್ತೆ ೨

"ಏನೇ ಎದ್ಮೆ," ಎಂದಳು ಬೆರಾಂಜೇರ್, ನಾನು ಬರೆದ ಕಾಗದದೊಳಗಿಂದಲೇ ತಲೆಯೆತ್ತಿ. "ಆ ಹೆಂಗಸು ಯಾರಂತಾನೇ ನಂಗೊತ್ತಿಲ್ಲ. ಹೊಟ್ಟೆಕಿಚ್ಚು ನಿಂದು, ತಂದು ನನ್ನ ಹೊಟ್ಟೆಗ್ಯಾಕೆ ತುಂಬ್ತೀಯಾ?"

"ಕಥೆಗೆ ಬೇಕು."

"ಕಥೆಗಲ್ಲ, ನಿನ್ನ ಮಾನಕ್ಕೆ. ನಾಳೆ ಯಾರಾದ್ರೂ ಕೇಳಿದ್ರೆ ಅದು ನಾನಲ್ಲಪ್ಪ, ಬೆರಾಂಜೇರ್ ಅಂತ ಜಾರ್ಕೋಬಹುದು."

ಡ್ರಾಫ್ಟನ್ನು ಹರಿದೆ. ಓದುಗರೇ, ಅವಳು ನಾನೇ. ಎದ್ಮೆ.

೪

(೩ ಇತ್ತು. ಅದರಲ್ಲಿ ಆನ್ಸೆಲ್ಮ್‌ನ ಕಣ್ಣಿನ ವರ್ಣನೆಯೇ ಒಂದೂವರೆ ಪುಟ. ನಾಚಿಕೆಯಾಗಿ ತೆಗೆದೆ.)

ಏಪ್ರಿಲ್‌ನ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಆನ್ಸೆಲ್ಮ್ ಬ್ರೆಡ್ಡಿನ ಮೇಲೆ ಮೇಕೆಹಾಲಿನ ಚೀಸ್ ಹಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದ.

"ಜೂನ್‌ನಲ್ಲಿ ದೊಡ್ಡ ಕಿಟಕಿಯ ಕಮಾನು ಮುಗಿಯುತ್ತಲ್ಲ. ನಡುವಿನ ಕೊನೇ ಕಲ್ಲು, ನೆತ್ತಿಗಲ್ಲು ಕೂರ್ಸೋಕೆ ಕೊಲಂಬ್‌ನ ಕರೆದಿದೀನಿ."

"ಕೆತ್ತೋದು ಯಾರು?"

"ನೀನೇ. ಇನ್ಯಾರು?"

"ಕೆತ್ತೋಕೆ ನಾನು, ಕೂರ್ಸೋಕೆ ಅವಳು."

"ಮೊದಲ ಕಲ್ಲು ಇಟ್ಟೋಳು ಕಣೇ, ಒಂದು ಮರ್ಯಾದೆ. ನೀನು ಹೆಂಗೂ ದಿನಾ ಇಲ್ಲೇ ಇರ್ತೀಯಲ್ಲ."

ದಿನಾ ಇರುವವಳಿಗೆ ಮರ್ಯಾದೆ ಯಾಕೆ, ಅಲ್ಲವೇ? ನಾನು ಚೀಸನ್ನು ಪೂರ್ತಿ ನನ್ನ ಕಡೆ ಎಳೆದುಕೊಂಡು ತಿಂದೆ.

ಆ ವಾರ ಮೊಳಕೋಲನ್ನು ಗೋಡೆಗೆ ಒರಗಿಸಿಟ್ಟು, ನೆತ್ತಿಗಲ್ಲಿನ ಮೇಲೆ ನನ್ನ ಮೊಣಕೈ ಊರಿ, ನನ್ನ ನಡುಬೆರಳ ತುದಿಗೆ ಗೆರೆ ಎಳೆದೆ. ನನ್ನ ಮೊಳ ಅವಳದಕ್ಕಿಂತ ಗಿಡ್ಡ, ಸಾಲುವುದಿಲ್ಲ ಎಂದು ಗೊತ್ತಿತ್ತು. ಹದಿನೈದು ವರ್ಷ ಕಲ್ಲು ಕೆತ್ತಿದವಳಿಗೆ ಗೊತ್ತಿರದೆ ಇರುತ್ತದೆಯೇ? ನನ್ನ ಕಲ್ಲನ್ನು ಯಾರೂ ಮತ್ತೆ ಅಳೆದು ನೋಡುವುದಿಲ್ಲ ಎಂದೂ ಗೊತ್ತಿತ್ತು. ಇಷ್ಟು ದೊಡ್ಡ ಕೋಟೆಯಲ್ಲಿ ಒಂದೇ ಒಂದು ಕಲ್ಲು ನನ್ನ ಮೊಳದ್ದಿರಲಿ ಎನಿಸಿತು. ಕಲ್ಲಿನ ಅಡಿಗೆ ನನ್ನ ಗುರುತನ್ನೂ ಕೆತ್ತಿದೆ.

೫

ಕೊಲಂಬ್ ಬಂದಳು. ಚೆನ್ನಾಗಿಯೇ ಇದ್ದಳು. (ಇನ್ನೊಂದು ಡ್ರಾಫ್ಟಿನಲ್ಲಿ ಅವಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಾನು ಬರೆದದ್ದರಲ್ಲೆಲ್ಲ ನನಗೆ ಅದೇ ಇಷ್ಟ.)

ಕಲ್ಲೆತ್ತುವ ದೊಡ್ಡ ಮರದ ಚಕ್ರದೊಳಗೆ ಇಬ್ಬರು ನಡೆದರು, ಹಗ್ಗ ಸುತ್ತಿಕೊಂಡಿತು, ಕಲ್ಲು ಮೇಲೇರಿತು. ನೋಡಲು ಬಂದವರೆಲ್ಲ ಫೋನ್ ಎತ್ತಿ ಹಿಡಿದರು. ಕೊಲಂಬ್ ಎರಡೂ ಕೈಯಿಂದ ಕಲ್ಲನ್ನು ಕಮಾನಿನ ನೆತ್ತಿಗೆ ಇಳಿಸಿಕೊಂಡಳು. ಪಕ್ಕದ ಸಂದಿಯಲ್ಲಿ ಬೆಳಕು ಕಂಡಿತು.

"ಎರಡು ಬೆರಳು ಸಾಲ್ದು," ಎಂದಳು. "ಯಾರು ಕೆತ್ತಿದ್ದು?"

ನಾನು ಬಾಯಿ ತೆರೆದೆ.

"ನಾನು," ಎಂದ ಆನ್ಸೆಲ್ಮ್.

೬

ಕೆಟ್ಟ ಕಲ್ಲಿಗೆ ನಾವು ಶವಯಾತ್ರೆ ಮಾಡುತ್ತೇವೆ. ಚಟ್ಟದ ಮೇಲಿಟ್ಟು ನಾಲ್ವರು ಹೊತ್ತು, ಗೋಡೆಯೊಳಗೆ ತುಂಬುವ ಚೂರುಕಲ್ಲಿನ ರಾಶಿಗೆ ಒಯ್ಯುತ್ತೇವೆ. ಕೆಡಿಸಿದವರು ಮುಂದೆ ಅಳುತ್ತಾ ನಡೆಯಬೇಕು. ಅವರ ಪಕ್ಕದಲ್ಲಿ ಗಂಡನೋ ಹೆಂಡತಿಯೋ ಸಮಾಧಾನ ಮಾಡುತ್ತಾ ಬರಬೇಕು. ಉಳಿದವರ ಕೆಲಸ ನಗುವುದು.

"ಅಯ್ಯೋ ನನ್ನ ಕಲ್ಲೇ, ನನ್ನ ಬಿಟ್ಟು ಹೋದ್ಯಾ," ಎಂದು ಆನ್ಸೆಲ್ಮ್ ಎದೆ ಬಡಿದುಕೊಂಡ. ಯಾರೂ ಹೇಳದೆಯೇ ಕೊಲಂಬ್ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದಳು. ಹಳೆಯ ಅಭ್ಯಾಸವಿರಬೇಕು.

"ಅಳಬೇಡ್ವೋ ಮುದುಕ. ಹೋದ ಕಲ್ಲು ಹೋಯ್ತು, ಇನ್ನೊಂದು ಮಾಡ್ಕೊಂಡ್ರಾಯ್ತು."

ಎಲ್ಲರೂ ನಕ್ಕರು. ಹೊರಲು ಒಬ್ಬರು ಕಡಿಮೆ ಇದ್ದರೆಂದು ಚಟ್ಟದ ಹಿಂದಿನ ಎಡಗಡೆಯ ಹಿಡಿಯನ್ನು ನನ್ನ ಕೈಗೆ ಕೊಟ್ಟಿದ್ದರು.

ನೋಡಿ, ತಪ್ಪು ನನ್ನದೆಂದು ಗೊತ್ತಾಗಿದ್ದರೆ ಅಲ್ಲಿ ಅಳುತ್ತಿದ್ದವಳು ನಾನು, ಹೆಗಲ ಮೇಲೆ ಕೈ ಹಾಕುತ್ತಿದ್ದವನು ಅವನು. ಅಷ್ಟು ಜನರ ಎದುರಿಗೆ, ಅವಳ ಎದುರಿಗೆ. ಅವನು ನನ್ನನ್ನು ಕಾಪಾಡಲು ಹೋಗಿ ಆ ಜಾಗವನ್ನೂ ಅವಳಿಗೇ ಕೊಟ್ಟ. ಕಾಪಾಡಿದ್ದು ನನ್ನ ಮಾನವನ್ನೋ, ಬಿಟ್ಟುಹೋದವಳ ಮುಂದೆ ತನ್ನ ಮನೆಯ ಮಾನವನ್ನೋ? ನನಗೆ ಬೇಕಾಗಿದ್ದದ್ದು ಇದೊಂದಕ್ಕೆ ಉತ್ತರ.

೭

ಅಂತ್ಯ ಒಂದು: ಹಗ್ಗ ಹರಿದು ಕಲ್ಲು ಕೊಲಂಬಳ ಕಾಲಿನ ಮೇಲೆ ಬೀಳುತ್ತದೆ. ಬರೆದು ಮೂರು ಸಲ ಓದಿಕೊಂಡೆ. ಹಿತವಾಗಿತ್ತು. ಹೊಡೆದುಹಾಕಿದೆ.

ಅಂತ್ಯ ಎರಡು: ಆನ್ಸೆಲ್ಮ್ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ನಂಬಬೇಡಿ. ಅವನು ಜನ್ಮದಲ್ಲಿ ಯಾವುದನ್ನೂ ಬಿಡಿಸಿ ಹೇಳಿದವನಲ್ಲ.

ನಡೆದದ್ದು ಇದು.

"ಕಲ್ಲು ನಂದು," ಎಂದೆ, ಎಲ್ಲರಿಗೂ ಕೇಳುವಂತೆ.

ನಗು ನಿಂತಿತು, ಚಟ್ಟ ನಿಂತಿತು. ತಿರುಗಿದವಳು ಕೊಲಂಬ್.

"ಗೊತ್ತು ಕಣೇ. ಅಡೀಲಿ ಗುರುತು ನೋಡ್ದೆ, ಇವನದಲ್ಲ. ಬಾ, ನಿನ್ ಜಾಗ ಇದು," ಎಂದು ಆನ್ಸೆಲ್ಮ್‌ನ ಹೆಗಲಿನಿಂದ ಕೈ ತೆಗೆದು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ನನ್ನ ಜಾಗವನ್ನು ನನಗೆ ಕೊಡಲು ಇವಳು ಯಾರು?

ನಾನು ಹಿಡಿ ಬಿಟ್ಟರೆ ಚಟ್ಟ ವಾಲುತ್ತದೆ. ಬಿಡದಿದ್ದರೆ ಅವಳೇ ಅಲ್ಲಿ ನಡೆಯುತ್ತಾಳೆ. ಮುಂದೇನಾಯಿತು ಎಂದು ನೀವು ಕೇಳುತ್ತೀರಿ, ನಾನು ಹೇಳುವುದಿಲ್ಲ. ಹೇಳಿದರೆ ಮುಗಿದುಹೋಗುತ್ತದೆ. ಆನ್ಸೆಲ್ಮ್ ಇನ್ನೂ ಬೆನ್ನು ತೋರಿಸಿಯೇ ನಿಂತಿದ್ದಾನೆ. ಅವನು ತಾನಾಗಿಯೇ ತಿರುಗಿ ನೋಡುವವರೆಗೂ ಈ ಕಲ್ಲನ್ನು ನಾನು ಕೆಳಗಿಳಿಸುವುದಿಲ್ಲ.